ಕಲ್ಲಿಕೋಟೆಯಿಂದ ಮೈಸೂರಿಗೆ ಬಸ್ಸೋ, ಕಾರೋ, ರೈಲೋ? ಮೊದಲು ಗೇಟಿನ ಗಂಟೆ ನೋಡಿ

ಮಲಬಾರ್ ಕರಾವಳಿಯಿಂದ ಮೈಸೂರಿಗೆ ಬರಲು ಯಾವುದು ಒಳ್ಳೆಯದು ಎಂದು ಕೇಳುವವರು ಸಾಮಾನ್ಯವಾಗಿ ಕೇಳುವುದು ಎರಡು ವಿಷಯ: ಯಾವುದು ಅಗ್ಗ, ಯಾವುದು ಬೇಗ. ಈ ದಾರಿಯಲ್ಲಿ ಎರಡಕ್ಕೂ ಉತ್ತರ ಹೇಳುವುದು ನೀವು ಹೊರಡುವ ಹೊತ್ತು. ಕಲ್ಲಿಕೋಟೆಗೂ ಮೈಸೂರಿಗೂ ಸುಮಾರು 210 ಕಿ.ಮೀ. ಬಯಲುಸೀಮೆಯ ರಸ್ತೆಯಾಗಿದ್ದರೆ ನಾಲ್ಕು ಗಂಟೆಯೊಳಗೆ ಮುಗಿಯುತ್ತಿತ್ತು. ಆದರೆ ನಡುವೆ ಒಂದು ಘಟ್ಟ ಇದೆ, ಘಟ್ಟ ಹತ್ತಿದ ಮೇಲೆ ಬಂಡೀಪುರದ ಕಾಡು ಇದೆ, ಕಾಡಿಗೆ ಗೇಟು ಇದೆ. ಆ ಗೇಟು ರಾತ್ರಿ 9ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಗಾಡಿ ಯಾವುದೇ ಇರಲಿ, ಲೆಕ್ಕ ಶುರುವಾಗಬೇಕಾದ್ದು ಆ 9 ಗಂಟೆಯಿಂದ ಹಿಂದಕ್ಕೆ.

ಹಾಗಾಗಿ ಟಿಕೆಟ್ ಮಾಡಿಸುವ ಮೊದಲು ಕೆಲವು ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳಿ. ಕರಾವಳಿಯಲ್ಲಿ ನೀವು ಇರುವುದು ನಿಜಕ್ಕೂ ಎಲ್ಲಿ? ಕಲ್ಲಿಕೋಟೆಯೋ, ತಲಶ್ಶೇರಿ–ಕಣ್ಣೂರಿನ ಕಡೆಯೋ, ಕಾಸರಗೋಡೋ, ಕೊಚ್ಚಿಯೋ? ಇದೊಂದರ ಮೇಲೆ ದಾರಿಯೇ ಬದಲಾಗುತ್ತದೆ. ಎಷ್ಟು ಹೊತ್ತಿಗೆ ಹೊರಡಲು ಸಾಧ್ಯ? ಎಷ್ಟು ಜನ, ಎಷ್ಟು ಸಾಮಾನು? ಜೊತೆಯಲ್ಲಿ ತಿರುವು ಕಂಡರೆ ವಾಂತಿ ಮಾಡುವ ಮಗುವೋ, ಎರಡು ಗಂಟೆಗೊಮ್ಮೆ ಇಳಿಯಲೇಬೇಕಾದ ಹಿರಿಯರೋ ಇದ್ದಾರೆಯೇ? ತಿಂಗಳು ಯಾವುದು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಲೆಕ್ಕ ಬೇರೆ. ದುಡ್ಡಿನ ಮಾತು ಇವೆಲ್ಲದರ ಕೊನೆಗೆ ಬರಲಿ. ತಡವಾಗಿ ಹೊರಟು ಗೇಟು ತಪ್ಪಿಸಿಕೊಂಡರೆ ಒಂದು ರಾತ್ರಿಯ ಲಾಡ್ಜ್ ಬಾಡಿಗೆ ಉಳಿತಾಯವನ್ನೆಲ್ಲ ನುಂಗುತ್ತದೆ.

ದಾರಿ ಯಾವುದು

ಮುಖ್ಯ ದಾರಿ ರಾಷ್ಟ್ರೀಯ ಹೆದ್ದಾರಿ 766. ಹಳಬರು ಇನ್ನೂ ಇದನ್ನು 212 ಅಂತಲೇ ಕರೆಯುತ್ತಾರೆ. ಕಲ್ಲಿಕೋಟೆ, ತಾಮರಶ್ಶೇರಿ, ಅಡಿವಾರಂ, ಅಲ್ಲಿಂದ ಒಂಬತ್ತು ಹೇರ್‌ಪಿನ್ ತಿರುವುಗಳ ಚುರಂ (ಮಲಯಾಳಂನಲ್ಲಿ ಘಟ್ಟದ ದಾರಿ) ಹತ್ತಿ ಲಕ್ಕಿಡಿ, ವೈತಿರಿ, ಕಲ್ಪೆಟ್ಟ, ಸುಲ್ತಾನ್ ಬತ್ತೇರಿ, ಮುತ್ತಂಗ. ಮುತ್ತಂಗ ದಾಟಿದರೆ ಗಡಿ, ಮೂಲೆಹೊಳೆ. ಅಲ್ಲಿಂದ ಮದ್ದೂರು ಚೆಕ್‌ಪೋಸ್ಟ್‌ವರೆಗೆ ಸುಮಾರು 20 ಕಿ.ಮೀ. ಬಂಡೀಪುರದ ಕಾಡು. ಇದು ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು, ವಡೆಯ ಮದ್ದೂರಲ್ಲ. ಫೋನಿನಲ್ಲಿ "ಮದ್ದೂರು ದಾಟಿದೆವು" ಅಂತ ಹೇಳಿ ಮಂಡ್ಯದ ಮನೆಯವರನ್ನು ಗಲಿಬಿಲಿ ಮಾಡಬೇಡಿ. ಆಮೇಲೆ ಗುಂಡ್ಲುಪೇಟೆ, ಬೇಗೂರು, ನಂಜನಗೂಡು, ಮೈಸೂರು. ಕಲ್ಲಿಕೋಟೆಯಿಂದ ಬತ್ತೇರಿಗೆ ಸುಮಾರು 98 ಕಿ.ಮೀ., ಬತ್ತೇರಿಯಿಂದ ಗುಂಡ್ಲುಪೇಟೆಗೆ 55, ಗುಂಡ್ಲುಪೇಟೆಯಿಂದ ಮೈಸೂರಿಗೆ 60.

ರಾತ್ರಿ ನಿರ್ಬಂಧವನ್ನು 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ತಂದಿತು, 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ರಾತ್ರಿ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದೇ ಕಾರಣ. ಆಂಬುಲೆನ್ಸ್ ಮತ್ತು ವಿಶೇಷ ಅನುಮತಿ ಇರುವ ಕೆಲವೇ ಸರ್ಕಾರಿ ಬಸ್ಸುಗಳಿಗೆ ಬಿಟ್ಟರೆ ಬೇರೆ ಯಾರಿಗೂ ಗೇಟು ತೆರೆಯುವುದಿಲ್ಲ. ಮದುವೆ ಇದೆ, ಪರೀಕ್ಷೆ ಇದೆ ಎಂದು ಸಿಬ್ಬಂದಿಯ ಹತ್ತಿರ ವಾದಿಸಿ ಪ್ರಯೋಜನವಿಲ್ಲ.

ಗೇಟಿಲ್ಲದ ದಾರಿಯೂ ಇದೆ. ಕಲ್ಪೆಟ್ಟದ ಕೈನಾಟ್ಟಿ ಜಂಕ್ಷನ್‌ನಲ್ಲಿ ಬಲಕ್ಕೆ ಬತ್ತೇರಿಯ ಕಡೆ ಹೋಗದೆ ಪನಮರಂ, ಮಾನಂದವಾಡಿ, ಕಾಟಿಕುಳಂ, ತೋಲ್ಪೆಟ್ಟಿ ಮೂಲಕ ಕುಟ್ಟ. ಅಲ್ಲಿಂದ ಪೊನ್ನಂಪೇಟೆ, ಗೋಣಿಕೊಪ್ಪ, ತಿತಿಮತಿ, ಹುಣಸೂರು, ಮೈಸೂರು. ಬತ್ತೇರಿ ದಾರಿಗಿಂತ 40–45 ಕಿ.ಮೀ. ಹೆಚ್ಚು, ಸಮಯದಲ್ಲಿ ಒಂದೂವರೆ ಗಂಟೆಯಷ್ಟು ಹೆಚ್ಚು. ಬಂಡೀಪುರ ಮುಚ್ಚಿದ ಮೇಲೆ ರಾತ್ರಿ ಓಡಾಟ ನಡೆಯುವುದು ಈ ದಾರಿಯಲ್ಲೇ. ಗಮನಿಸಬೇಕಾದ ಮಾತು ಒಂದಿದೆ: ಈ ನಿರ್ಧಾರ ಆಗಬೇಕಾದ್ದು ಕಲ್ಪೆಟ್ಟದಲ್ಲಿ. "ಬತ್ತೇರಿಗೆ ಹೋಗಿ ನೋಡೋಣ" ಎಂದು ಮುಂದೆ ಹೋಗಿ ಗೇಟು ತಪ್ಪಿದರೆ ವಾಪಸ್ ಮಾನಂದವಾಡಿಗೆ ಸುತ್ತಬೇಕಾಗುತ್ತದೆ. ಕೈನಾಟ್ಟಿಗೆ ಬಂದಾಗ ಗಂಟೆ ರಾತ್ರಿ 7.30 ದಾಟಿದ್ದರೆ ಬತ್ತೇರಿಯ ಆಸೆ ಬಿಟ್ಟು ಮಾನಂದವಾಡಿಯ ಕಡೆ ತಿರುಗಿಸಿ.

ಫೋನಿನ ನಕ್ಷೆ ಇಲ್ಲಿ ಎರಡು ಕಡೆ ಬಲೆಗೆ ಕೆಡವುತ್ತದೆ. ಮಾನಂದವಾಡಿಯಿಂದ ಬಾವಲಿ, ಅಂತರಸಂತೆ, ಎಚ್.ಡಿ. ಕೋಟೆ ಮೂಲಕ ಮೈಸೂರಿಗೆ ಸುಮಾರು 110 ಕಿ.ಮೀ. ಅಂತ ತೋರಿಸುತ್ತದೆ. ಹಗಲಲ್ಲಿ ಅದು ಚೆಂದದ ದಾರಿ. ಆದರೆ ನಾಗರಹೊಳೆ ಕಾಡಿನ ಆ ಗೇಟು ಮುಚ್ಚುವುದು ರಾತ್ರಿ 9ಕ್ಕಲ್ಲ, ಸಂಜೆ 6ಕ್ಕೆ. ಹಾಗೆಯೇ ಕುಟ್ಟದಿಂದ ಹುಣಸೂರಿಗೆ ನಾಗರಹೊಳೆಯೊಳಗಿನ ನೇರ ರಸ್ತೆ ಕಡಿಮೆ ದೂರ ಅಂತ ಕಾಣುತ್ತದೆ. ಅದೂ ರಾತ್ರಿ ಮುಚ್ಚಿರುತ್ತದೆ. ರಾತ್ರಿ ಬರುವವರು ಗೋಣಿಕೊಪ್ಪವನ್ನು ನಕ್ಷೆಯಲ್ಲಿ ನಡುವಿನ ನಿಲುಗಡೆ ಅಂತ ಕೈಯಾರೆ ಸೇರಿಸಿಕೊಳ್ಳಿ.

ಕಣ್ಣೂರು, ತಲಶ್ಶೇರಿಯ ಕಡೆಯಿಂದ ಬರುವವರಿಗೆ ಈ ತಲೆನೋವು ಯಾವುದೂ ಇಲ್ಲ. ಮಟ್ಟನ್ನೂರು, ಇರಿಟ್ಟಿ, ಕೂಟುಪುಳ ಸೇತುವೆ, ಮಾಕುಟ್ಟ ಘಟ್ಟ, ಪೆರುಂಬಾಡಿ, ವಿರಾಜಪೇಟೆ, ಗೋಣಿಕೊಪ್ಪ, ಹುಣಸೂರು. ಇಲ್ಲಿ ಬಂಡೀಪುರದಂಥ ನಿತ್ಯದ ರಾತ್ರಿ ಗೇಟಿಲ್ಲ. ಆದರೆ ಮಾಕುಟ್ಟ ಘಟ್ಟ ಕಿರಿದು, ಎರಡು ಕಡೆಯೂ ದಟ್ಟ ಕಾಡು, ದೀಪವಿಲ್ಲ, ನೆಟ್‌ವರ್ಕ್ ಇಲ್ಲ. 2018ರ ಮಳೆಯಲ್ಲಿ ಈ ರಸ್ತೆ ಹಲವು ಕಡೆ ಕುಸಿದಿತ್ತು. ಆಮೇಲಿಂದ ಜೋರು ಮಳೆಗಾಲದಲ್ಲಿ ಕೊಡಗು ಜಿಲ್ಲಾಡಳಿತ ಭಾರಿ ವಾಹನಗಳಿಗೆ ನಿರ್ಬಂಧ ಹಾಕುವುದುಂಟು. ಜುಲೈ, ಆಗಸ್ಟ್‌ನಲ್ಲಿ ಈ ದಾರಿಯ ಬಸ್ಸು ಹಿಡಿಯುವವರು ಹಿಂದಿನ ದಿನವೇ ವಿಚಾರಿಸಿಕೊಳ್ಳಬೇಕು.

ಕಾಸರಗೋಡಿನವರು ವಯನಾಡಿನ ಕಡೆ ತಲೆಯೇ ಹಾಕಬಾರದು. ಜಾಲ್ಸೂರು, ಸುಳ್ಯ, ಸಂಪಾಜೆ, ಮಡಿಕೇರಿ, ಕುಶಾಲನಗರ, ಹುಣಸೂರು ಅವರ ದಾರಿ. ಸುಳ್ಯದಿಂದಾಚೆಗೆ ಮೈಸೂರಿನವರೆಗೂ ಹೆದ್ದಾರಿ 275. ಮಲಪ್ಪುರಂ, ನಿಲಂಬೂರಿನವರಿಗೆ ನಾಡುಗಾಣಿ ಘಟ್ಟ ಹತ್ತಿ ಗೂಡಲೂರು, ತೆಪ್ಪಕಾಡು, ಕೆಕ್ಕನಹಳ್ಳದ ಮೂಲಕ ಬಂಡೀಪುರ. ನಡುವೆ ತಮಿಳುನಾಡು ಬರುವುದರಿಂದ ಎರಡು ಗಡಿ ದಾಟಬೇಕು. ಮುದುಮಲೆ ಕಾಡಿಗೂ ರಾತ್ರಿ ನಿರ್ಬಂಧ ಇದೆ, ಜೊತೆಗೆ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ ತಿಂಗಳಿಂದ ನೀಲಗಿರಿ ಜಿಲ್ಲೆಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಬಂದಿದೆ. ಊಟಿಗೆ ಹೋಗುವವರಿಗೆ ಮಾತ್ರ ಅಂದುಕೊಂಡು ಗಡಿಯಲ್ಲಿ ನಿಂತು ಫೋನಿನಲ್ಲಿ ಅರ್ಜಿ ತುಂಬುವ ಬದಲು ಮನೆಯಲ್ಲೇ ಮಾಡಿಕೊಂಡು ಹೊರಡಿ.

ಸರ್ಕಾರಿ ಬಸ್ಸು

ಒಬ್ಬರು ಅಥವಾ ಇಬ್ಬರು, ಕೈಚೀಲ, ಹಗಲು ಪ್ರಯಾಣ ಎಂದಾದರೆ ಸರ್ಕಾರಿ ಬಸ್ಸಿಗೆ ಸಾಟಿ ಇಲ್ಲ. ಕಲ್ಲಿಕೋಟೆಯ ಮಾವೂರು ರಸ್ತೆಯ ಬಸ್ ನಿಲ್ದಾಣದಿಂದ ಮೈಸೂರಿನ ಸಬ್‌ಅರ್ಬನ್ ನಿಲ್ದಾಣಕ್ಕೆ ಐದೂವರೆಯಿಂದ ಆರೂವರೆ ಗಂಟೆ. ಎರಡು ರಾಜ್ಯದ ನಿಗಮಗಳೂ ಓಡಿಸುತ್ತವೆ, ಎರಡನ್ನೂ ಜನ ಕೆಎಸ್‌ಆರ್‌ಟಿಸಿ ಅಂತಲೇ ಕರೆಯುತ್ತಾರೆ, ಬುಕಿಂಗ್ ತಾಣ ಮಾತ್ರ ಬೇರೆ ಬೇರೆ. ಕರ್ನಾಟಕದ ತಾಣದಲ್ಲಿ "ಸೀಟಿಲ್ಲ" ಅಂತ ಬಂದರೆ ಕೈಚೆಲ್ಲಬೇಡಿ, ಕೇರಳದ್ದನ್ನೂ ನೋಡಿ. ಬೆಂಗಳೂರಿಗೆ ಹೋಗುವ ಬಸ್ಸುಗಳಲ್ಲೂ ಬಹಳಷ್ಟು ಮೈಸೂರಿನ ಮೇಲೆಯೇ ಹೋಗುತ್ತವೆ. ಮೈಸೂರು ಅಂತ ಹುಡುಕಿ ಸಿಗದಿದ್ದರೆ ಬೆಂಗಳೂರು ಅಂತ ಹುಡುಕಿ.

ಬಸ್ಸಿನ ದೊಡ್ಡ ಅನುಕೂಲ ಗೇಟಿನ ಲೆಕ್ಕ ಡ್ರೈವರ್ ತಲೆಯಲ್ಲಿ ಇರುವುದು, ನಿಮ್ಮ ತಲೆಯಲ್ಲಲ್ಲ. ರಾತ್ರಿ ಅನುಮತಿ ಇರುವ ಬಸ್ಸಾದರೆ 9ರ ಮೇಲೂ ಬಂಡೀಪುರದ ಮೂಲಕವೇ ಬರುತ್ತದೆ. ಅಂಥವು ಬೆರಳೆಣಿಕೆಯಷ್ಟಿರುವುದರಿಂದ ಶುಕ್ರವಾರ, ಭಾನುವಾರ ಹಾಗೂ ಓಣಂ, ವಿಷು, ರಂಜಾನ್, ದಸರಾ ಸಮಯದಲ್ಲಿ ಸೀಟು ಬೇಗ ಮುಗಿಯುತ್ತದೆ.

ತೊಂದರೆ ಶುರುವಾಗುವುದು ಚುರಂನಲ್ಲಿ. ಕೆಂಪು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಒಂಬತ್ತು ತಿರುವುಗಳಲ್ಲಿ ಹೊಟ್ಟೆ ತೊಳಸುವುದು ಖಂಡಿತ, ಏಕೆಂದರೆ ಹಿಂದಿನ ಗಾಲಿಗಿಂತ ಆಚೆಗಿರುವ ಭಾಗ ತಿರುವಿನಲ್ಲಿ ಹೆಚ್ಚು ಬೀಸುತ್ತದೆ. ಎರಡು ಆಕ್ಸಲ್‌ಗಳ ನಡುವಿನ, ಮುಂದಿನಿಂದ ಮೂರು–ನಾಲ್ಕನೇ ಸಾಲಿನ ಸೀಟು ಆರಿಸಿ. ವಾಂತಿಯ ಮಾತ್ರೆ ನುಂಗುವವರು ಅಡಿವಾರಂನಲ್ಲಿ ನುಂಗಿದರೆ ತಡವಾಯಿತು. ಕೆಲಸ ಮಾಡಲು ಅರ್ಧ ಗಂಟೆಯಾದರೂ ಬೇಕು, ಹಾಗಾಗಿ ಕೊಡುವಳ್ಳಿಯ ಹೊತ್ತಿಗೇ ತೆಗೆದುಕೊಳ್ಳಿ. ಹೊರಡುವ ಮುಂಚೆ ಹೊಟ್ಟೆ ತುಂಬ ಬಿರಿಯಾನಿ ಬೇಡ. ಕಲ್ಲಿಕೋಟೆಯಲ್ಲಿ ಇದನ್ನು ಪಾಲಿಸುವುದು ಕಷ್ಟ, ಗೊತ್ತು.

ಹವಾನಿಯಂತ್ರಿತ ಐರಾವತ ಕೂಡ ಚುರಂನಲ್ಲಿ ಕೆಂಪು ಬಸ್ಸಿಗಿಂತ ಬೇಗ ಹತ್ತುವುದಿಲ್ಲ. ಉದ್ದದ ಬಸ್ಸು 6, 7, 8ನೇ ತಿರುವಿನಲ್ಲಿ ಎದುರಿನ ಗಾಡಿ ನಿಲ್ಲುವವರೆಗೂ ಕಾಯಬೇಕು. ಹೆಚ್ಚಿನ ದುಡ್ಡು ಕೊಡುವುದು ಸೀಟಿನ ಆರಾಮಕ್ಕೇ ಹೊರತು ವೇಗಕ್ಕಲ್ಲ ಎಂದು ತಿಳಿದು ಕೊಡಿ.

ಕಡಿಮೆ ಖರ್ಚಿನವರಿಗೆ ತುಂಡು ಪ್ರಯಾಣವೂ ಇದೆ. ಕಲ್ಲಿಕೋಟೆಯಿಂದ ಕಲ್ಪೆಟ್ಟ, ಬತ್ತೇರಿಗೆ ದಿನವಿಡೀ ಬಸ್ಸು ಸಿಗುತ್ತದೆ. ಬತ್ತೇರಿಯಲ್ಲಿ ಇಳಿದು ಗುಂಡ್ಲುಪೇಟೆ–ಮೈಸೂರಿನ ಬಸ್ಸು ಹಿಡಿಯಬಹುದು. ನೇರ ಬಸ್ಸಿನಲ್ಲಿ ಸೀಟು ಸಿಗದ ದಿನ ಇದು ಕೈಹಿಡಿಯುತ್ತದೆ, ಆದರೆ ಬತ್ತೇರಿಗೆ ಸಂಜೆ 5ರೊಳಗೆ ಮುಟ್ಟುವಂತಿದ್ದರೆ ಮಾತ್ರ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಅಂತರರಾಜ್ಯ ಬಸ್ಸಿಗೆ ಅನ್ವಯಿಸುವುದಿಲ್ಲ ಎಂಬುದು ಹಲವು ಹೆಂಗಸರಿಗೆ ಕಂಡಕ್ಟರ್ ಹೇಳಿದ ಮೇಲೇ ಗೊತ್ತಾಗುತ್ತದೆ. ಗುಂಡ್ಲುಪೇಟೆಯಲ್ಲಿ ಇಳಿದು ಮೈಸೂರಿನ ಸಾಮಾನ್ಯ ಬಸ್ಸು ಹತ್ತಿದರೆ ಆ 60 ಕಿ.ಮೀ. ಉಚಿತ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ. ಸಾಮಾನು ಹೆಚ್ಚಿದ್ದರೆ ಇಷ್ಟಕ್ಕಾಗಿ ಇಳಿದು ಹತ್ತುವುದು ಬೇಡ.

ಖಾಸಗಿ ಸ್ಲೀಪರ್

ರಾತ್ರಿ ಮಲಗಿ ಬೆಳಗ್ಗೆ ಎದ್ದರೆ ಮೈಸೂರು ಎಂಬ ಲೆಕ್ಕ ಕೇಳಲು ಚೆನ್ನ. ಖಾಸಗಿ ಸ್ಲೀಪರ್‌ಗಳಿಗೆ ರಾತ್ರಿ ಬಂಡೀಪುರದ ಅನುಮತಿ ಇಲ್ಲದ್ದರಿಂದ ಅವು ಬರುವುದು ಕುಟ್ಟದ ದಾರಿಯಲ್ಲಿ. ಅಂದರೆ ಮಲಗಿರುವಾಗಲೇ ಒಂದು ಘಟ್ಟ, ಅದರ ಮೇಲೆ ಕೊಡಗಿನ ತಿರುವುಗಳು. ಮೇಲಿನ ಬರ್ತ್‌ನಲ್ಲಿ ನಿದ್ದೆ ಬರುವುದು ಅಪರೂಪ.

ಇನ್ನೂ ದೊಡ್ಡ ತೊಂದರೆ ಇಳಿಯುವ ಜಾಗದ್ದು. ಈ ಬಸ್ಸುಗಳು ಹೆಚ್ಚಾಗಿ ಬೆಂಗಳೂರಿಗೆ ಬೆಳಗಾಗುವಷ್ಟರಲ್ಲಿ ಮುಟ್ಟುವಂತೆ ಓಡುತ್ತವೆ, ಹಾಗಾಗಿ ಮೈಸೂರು ಬರುವುದು ನಸುಕಿನ ಮೂರು, ನಾಲ್ಕು ಗಂಟೆಗೆ. ಊರೊಳಗೆ ಬರದೆ ರಿಂಗ್ ರಸ್ತೆಯ ಹಿನಕಲ್ ಕಡೆಯಲ್ಲೋ, ಜನ ಇನ್ನೂ ಕೊಲಂಬಿಯಾ ಏಷ್ಯಾ ಸಿಗ್ನಲ್ ಎನ್ನುವ ಕಡೆಯಲ್ಲೋ ಇಳಿಸಿ ಹೋಗುವುದುಂಟು. ಆ ಹೊತ್ತಿನಲ್ಲಿ ಅಲ್ಲಿ ಆಟೋ ಸಿಕ್ಕರೂ ಕೇಳಿದ್ದೇ ದರ. ಬುಕ್ ಮಾಡುವಾಗ ಮೈಸೂರಿನ ಡ್ರಾಪ್ ಪಾಯಿಂಟ್ ಯಾವುದು, ಎಷ್ಟು ಗಂಟೆ ಎಂದು ನೋಡಿಯೇ ದುಡ್ಡು ಕಟ್ಟಿ. ಒಂಟಿಯಾಗಿ ಬರುವ ಹೆಣ್ಣುಮಕ್ಕಳಿಗೆ ಸಬ್‌ಅರ್ಬನ್ ನಿಲ್ದಾಣದೊಳಗೆ ಬಂದು ನಿಲ್ಲುವ ಸರ್ಕಾರಿ ಬಸ್ಸೇ ಮೇಲು. ಅಲ್ಲಿ ರಾತ್ರಿಯಿಡೀ ಜನ ಇರುತ್ತಾರೆ, ಬೆಳಗಾಗುವವರೆಗೆ ಕೂರಲು ಬೆಂಚೂ ಇದೆ.

ಸ್ವಂತ ಕಾರು

ಮೂರು ಜನ ದಾಟಿದರೆ ಕಾರಿನ ಲೆಕ್ಕ ಬಸ್ಸಿಗೆ ಸರಿಸಮ ಬರುತ್ತದೆ. 213 ಕಿ.ಮೀ.ಗೆ, ಘಟ್ಟ ಸೇರಿ ಲೀಟರಿಗೆ 15 ಕಿ.ಮೀ. ಕೊಡುವ ಗಾಡಿಗೆ 14–15 ಲೀಟರ್ ಪೆಟ್ರೋಲ್. ಲೀಟರಿಗೆ 100 ರೂಪಾಯಿಯ ಮೇಲೆ ಹಿಡಿದರೂ ಒಂದು ಕಡೆಗೆ 1,500ರ ಸುತ್ತ. ನಾಲ್ವರಿಗೆ ಹಂಚಿದರೆ ತಲೆಗೆ 375. ನಂಜನಗೂಡಿನ ಆಚೀಚೆ ಟೋಲ್ ಇದೆ, ಫಾಸ್ಟ್‌ಟ್ಯಾಗ್‌ನಲ್ಲಿ ಹಣ ಇರಲಿ. ಬೇಕೆಂದಲ್ಲಿ ನಿಲ್ಲಿಸಿಕೊಂಡು ಬರಬಹುದಾದ್ದರಿಂದ ಹಿರಿಯರು, ಮಕ್ಕಳು ಇದ್ದರೆ ಇದೇ ಮೊದಲ ಆಯ್ಕೆ. ಇದಕ್ಕೆ ತೆರಬೇಕಾದ ಬೆಲೆ ಎಂದರೆ ಹೊತ್ತಿನ ಹೊಣೆ ಪೂರ್ತಿ ನಿಮ್ಮದು.

ಆ ಲೆಕ್ಕ ಹೀಗೆ. ಗೇಟಿನ ಹತ್ತಿರ 8.30ಕ್ಕೆ ಇರಬೇಕು, ಕೊನೆಯ ಅರ್ಧ ಗಂಟೆಯಲ್ಲಿ ಸಾಲು ಬೆಳೆಯುತ್ತದೆ. ಕಲ್ಲಿಕೋಟೆಯಿಂದ ಮುತ್ತಂಗಕ್ಕೆ ಸುಮಾರು 113 ಕಿ.ಮೀ., ಚುರಂ ಖಾಲಿ ಇದ್ದರೆ ಮೂರೂವರೆ ಗಂಟೆ. ಶನಿವಾರ, ಭಾನುವಾರ, ಸಾಲುರಜೆಗಳಲ್ಲಿ ಚುರಂ ಒಂದೇ ಒಂದೆರಡು ಗಂಟೆ ತಿನ್ನುತ್ತದೆ. ಹಾಗಾಗಿ ವಾರದ ದಿನ ಮಧ್ಯಾಹ್ನ 3ಕ್ಕೆ ಕಲ್ಲಿಕೋಟೆ ಬಿಡಬೇಕು, ರಜೆಯ ದಿನವಾದರೆ 12ಕ್ಕೆ. ಅತಿ ಒಳ್ಳೆಯದು ಬೆಳಿಗ್ಗೆ 6ರ ಒಳಗೆ ಹೊರಡುವುದು. ಆಗ ಪ್ರವಾಸಿಗಳ ದಟ್ಟಣೆ ಶುರುವಾಗುವ ಮೊದಲೇ ಲಕ್ಕಿಡಿ ಮುಟ್ಟಿ, ಮಧ್ಯಾಹ್ನದ ಊಟಕ್ಕೆ ಮೈಸೂರಿನಲ್ಲಿರಬಹುದು.

ಚುರಂನಲ್ಲಿ ಜಾಮ್ ಆಗುವುದು ಯಾಕೆ ಎಂದು ಗೊತ್ತಿದ್ದರೆ ತಾಳ್ಮೆ ಉಳಿಯುತ್ತದೆ. ಬಹು ಆಕ್ಸಲ್‌ನ ಲಾರಿ ಕಿರಿದಾದ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗಲಾರದೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಆಕ್ಸಲ್ ಮುರಿದು ನಿಲ್ಲುತ್ತದೆ. ಅದರ ಹಿಂದೆ ತಡೆಯಲಾರದೆ ಎಡಬಲದಿಂದ ನುಗ್ಗಿದ ಕಾರುಗಳು ಎದುರಿನ ಸಾಲನ್ನೂ ಮುಚ್ಚಿಬಿಡುತ್ತವೆ. ಮುಂದಿನ ಗಾಡಿ ನಿಂತರೆ ನೀವೂ ಸಾಲಿನಲ್ಲೇ ನಿಲ್ಲಿ. ಏರಿನಲ್ಲಿ ಹಾಫ್ ಕ್ಲಚ್ ಹಿಡಿದು ಗಾಡಿ ನಿಲ್ಲಿಸಿಕೊಂಡರೆ ಹತ್ತೇ ನಿಮಿಷದಲ್ಲಿ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್ ಮಾಡಿ, ಮುಂದಿನ ಗಾಡಿ ಒಂದು ಉದ್ದ ಸರಿದ ಮೇಲೆ ಒಮ್ಮೆಗೇ ಸರಿಯಿರಿ. ಇಂಜಿನ್ ಬಿಸಿಯ ಮುಳ್ಳು ಏರಿದರೆ ಏಸಿ ಆರಿಸಿ. ಬಿಸಿ ರೇಡಿಯೇಟರ್ ಮುಚ್ಚಳ ತೆಗೆಯುವ ಸಾಹಸ ಬೇಡ. ಆಟೋಮ್ಯಾಟಿಕ್ ಗಾಡಿಯವರು ಕೆಳಗಿನ ಗೇರಿಗೆ ಹಾಕಿಟ್ಟು ಹತ್ತಿಸಿ. ಇಳಿಜಾರಿನವರು ಏರುವವರಿಗೆ ದಾರಿ ಬಿಡಬೇಕೆಂಬುದು ನಿಯಮ, ಆದರೆ ಎದುರಿನವರಿಗೆ ಅದು ಗೊತ್ತಿದೆ ಎಂದು ನಂಬಿ ನುಗ್ಗಬೇಡಿ.

ಮಳೆಗಾಲದಲ್ಲಿ ಲಕ್ಕಿಡಿಯ ಹತ್ತಿರ ಮಂಜು ಇಳಿದರೆ ಹತ್ತು ಅಡಿ ಮುಂದಿನದೂ ಕಾಣುವುದಿಲ್ಲ. 2025ರ ಆಗಸ್ಟ್ ಕೊನೆಯಲ್ಲಿ ಒಂಬತ್ತನೇ ತಿರುವಿನ ಬಳಿ ಗುಡ್ಡ ಕುಸಿದು ಚುರಂ ಬಂದ್ ಆಗಿತ್ತು. ಅಂಥ ದಿನಗಳಿಗೆ ಕುಟ್ಯಾಡಿ ಚುರಂ ಪರ್ಯಾಯ: ಕಲ್ಲಿಕೋಟೆಯಿಂದ ಕುಟ್ಯಾಡಿ, ನಿರವಿಲ್‌ಪುಳ, ಮಾನಂದವಾಡಿ. ಮಾನಂದವಾಡಿಗೆ ಬಂದ ಮೇಲೆ ಹಗಲಾದರೆ ಬಾವಲಿ, ರಾತ್ರಿಯಾದರೆ ಕುಟ್ಟ. ಆನಕ್ಕಾಂಪೊಯಿಲ್‌ನಿಂದ ಮೇಪ್ಪಾಡಿಯ ಕಡೆಗೆ 8 ಕಿ.ಮೀ.ಗೂ ಉದ್ದದ ಜೋಡಿ ಸುರಂಗದ ಕೆಲಸ ಶುರುವಾಗಿದೆ. ಅದು ಮುಗಿದರೆ ಚುರಂ ಹತ್ತುವ ತಾಪತ್ರಯ ತಪ್ಪೀತು, ಬಂಡೀಪುರದ ಗೇಟು ತಪ್ಪುವುದಿಲ್ಲ.

ಬತ್ತೇರಿಯಲ್ಲೇ ಟ್ಯಾಂಕ್ ತುಂಬಿಸಿ, ಶೌಚಕ್ಕೂ ಅಲ್ಲೇ ಹೋಗಿಬನ್ನಿ. ಕಾಡಿನೊಳಗೆ ಬಂಕಿಲ್ಲ, ನಿಲ್ಲಿಸುವಂತೆಯೂ ಇಲ್ಲ. ಆನೆ ಕಂಡಾಗ ಇಳಿದು ಫೋಟೊ ತೆಗೆಯುವುದು, ಕೋತಿಗೆ ಬಿಸ್ಕತ್ತು ಎಸೆಯುವುದು ಎರಡಕ್ಕೂ ದಂಡ ಬೀಳುತ್ತದೆ, ಪ್ರಾಣವೂ ಹೋದೀತು. ಆನೆ ರಸ್ತೆ ದಾಟುತ್ತಿದ್ದರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಬೇಡ, ಹಿಂದಕ್ಕೆ ಸರಿಯಲು ಜಾಗ ಇಟ್ಟುಕೊಳ್ಳಿ.

ಗೇಟು ತಪ್ಪಿ ಬತ್ತೇರಿಯಲ್ಲಿ ರಾತ್ರಿ ಉಳಿದವರು ಬೆಳಿಗ್ಗೆ ಸರಿಯಾಗಿ 6ಕ್ಕೆ ಗೇಟಿನಲ್ಲಿ ನಿಲ್ಲುವ ಆತುರ ಮಾಡುತ್ತಾರೆ. ಆಗ ರಾತ್ರಿಯಿಡೀ ಕಾದ ಲಾರಿಗಳೆಲ್ಲ ಒಟ್ಟಿಗೆ ಹೊರಡುತ್ತವೆ. ತಿಂಡಿ ತಿಂದು 7ಕ್ಕೆ ಹೊರಟರೂ ಮೈಸೂರು ಮುಟ್ಟುವುದು ಹೆಚ್ಚುಕಮ್ಮಿ ಅದೇ ಹೊತ್ತಿಗೆ.

ಬಾಡಿಗೆ ಕಾರು, ಬೈಕು

ಟ್ಯಾಕ್ಸಿಯವರು ಒಂದು ಕಡೆಯ ಪ್ರಯಾಣಕ್ಕೂ ಎರಡು ಕಡೆಯ ಕಿಲೋಮೀಟರ್ ಹಾಕುತ್ತಾರೆ, ಗಾಡಿ ಖಾಲಿ ವಾಪಸ್ ಹೋಗಬೇಕಲ್ಲ. ಕಿ.ಮೀ.ಗೆ 14 ರೂಪಾಯಿ ಎಂದಿಟ್ಟುಕೊಂಡರೂ 426 ಕಿ.ಮೀ.ಗೆ 5,964 ರೂಪಾಯಿ, ಮೇಲೆ ಡ್ರೈವರ್ ಬಾಟಾ. ಗಾಡಿಗೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇಲ್ಲದಿದ್ದರೆ ಗಡಿ ತೆರಿಗೆಯೂ ಸೇರುತ್ತದೆ. ದರ ಮಾತಾಡುವಾಗ "ಪರ್ಮಿಟ್, ಟೋಲ್, ಬಾಟಾ ಎಲ್ಲ ಸೇರಿ ಎಷ್ಟು" ಅಂತಲೇ ಕೇಳಿ. ಒಂದು ಉಪಾಯ: ಕಲ್ಲಿಕೋಟೆಗೆ ಗಿರಾಕಿ ಬಿಟ್ಟು ಖಾಲಿ ವಾಪಸಾಗುವ ಮೈಸೂರಿನ ಟ್ಯಾಕ್ಸಿ ಸಿಕ್ಕರೆ ದರ ಬಹಳ ಇಳಿಯುತ್ತದೆ, ನಿಮ್ಮ ಬಡಾವಣೆಯ ಟ್ಯಾಕ್ಸಿ ಸ್ಟ್ಯಾಂಡಿನವರಿಗೆ ಎರಡು ದಿನ ಮೊದಲೇ ಹೇಳಿಡಿ. ಬಿಳಿ ನಂಬರ್ ಪ್ಲೇಟಿನ ಖಾಸಗಿ ಕಾರನ್ನು ಬಾಡಿಗೆಗೆ ತರುವುದು ಮಾತ್ರ ಬೇಡ. ಚೆಕ್‌ಪೋಸ್ಟ್‌ನಲ್ಲಿ ಹಿಡಿದರೆ ಗಾಡಿ ಅಲ್ಲೇ ನಿಲ್ಲುತ್ತದೆ, ನೀವು ಮುತ್ತಂಗದಲ್ಲಿ ಬಸ್ಸಿಗೆ ಕೈ ತೋರಿಸಬೇಕಾಗುತ್ತದೆ. ಆರೇಳು ಜನ, ರೋಗಿ, ಹೊಸ ಬಾಣಂತಿ, ಮದುವೆ ಸಾಮಾನು ಇದ್ದವರಿಗೆ ಟ್ಯಾಕ್ಸಿ ದುಬಾರಿಯಲ್ಲ. ಒಬ್ಬರಿಗೆ ಅದು ವ್ಯರ್ಥ.

ಬೈಕಿನವರಿಗೆ ನವೆಂಬರ್‌ನಿಂದ ಫೆಬ್ರವರಿ ಚೆನ್ನ. ಮಳೆಯಲ್ಲಿ ಚುರಂ ಬೇಡವೇ ಬೇಡ. ಹಿಂದೆ ಕೂತವರಿಗೂ ಪೂರ್ತಿ ಹೆಲ್ಮೆಟ್ ಇರಲಿ: ಕೇರಳದ ರಸ್ತೆಗಳಲ್ಲಿ 2023ರ ಜೂನ್‌ನಿಂದ ಎಐ ಕ್ಯಾಮೆರಾಗಳು ಕೆಲಸ ಮಾಡುತ್ತಿವೆ, ಕರ್ನಾಟಕದ ನಂಬರಿಗೂ ಚಲನ್ ಬರುತ್ತದೆ. ಕಾಡಿನ ಭಾಗವನ್ನು ಮಧ್ಯಾಹ್ನ 4ರೊಳಗೆ ದಾಟಿಬಿಡಿ. ಸಂಜೆಯಾದಂತೆ ಆನೆಗಳು ರಸ್ತೆಯಂಚಿಗೆ ಬರುತ್ತವೆ, ಬೈಕಿಗೆ ಬಾಗಿಲಿಲ್ಲ.

ಪುದುಚೇರಿಗೆ ಸೇರಿದ ಮಾಹೆ ಪಟ್ಟಣದ ಅಗ್ಗದ ಮದ್ಯದ ಬಾಟಲಿ ಡಿಕ್ಕಿಯಲ್ಲಿಟ್ಟುಕೊಂಡು ಬರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಮುತ್ತಂಗದಲ್ಲೂ ಕೂಟುಪುಳದಲ್ಲೂ ಅಬಕಾರಿಯವರು ತಪಾಸಣೆ ಮಾಡುತ್ತಾರೆ, ಪ್ರಯಾಣ ಠಾಣೆಯಲ್ಲಿ ಮುಗಿಯುತ್ತದೆ.

ರೈಲು ಯಾರಿಗೆ

ಕಲ್ಲಿಕೋಟೆಯಿಂದ ಮೈಸೂರಿಗೆ ಘಟ್ಟ ಹತ್ತುವ ನೇರ ರೈಲು ಮಾರ್ಗವೇ ಇಲ್ಲ. ನಂಜನಗೂಡು–ನಿಲಂಬೂರು ಮಾರ್ಗ ದಶಕಗಳಿಂದ ಕಾಗದದ ಮೇಲೆ ಓಡುತ್ತಿದೆ. ಇರುವುದು ಸುತ್ತು ದಾರಿ.

ಮೊದಲನೆಯದು ಮಂಗಳೂರಿನ ಮೇಲೆ. ಕಲ್ಲಿಕೋಟೆಯಿಂದ ಮಂಗಳೂರಿಗೆ 221 ಕಿ.ಮೀ., ಹೆಚ್ಚಿನ ಗಾಡಿಗಳಿಗೆ ನಾಲ್ಕರಿಂದ ಐದು ಗಂಟೆ. ಅಲ್ಲಿಂದ ಮುರ್ಡೇಶ್ವರ–ಬೆಂಗಳೂರು ರಾತ್ರಿ ರೈಲು ಹಾಸನದ ಮೇಲೆ ಮೈಸೂರಿಗೆ ಬಂದು ಮಂಡ್ಯದ ಮೂಲಕ ಮುಂದೆ ಹೋಗುತ್ತದೆ. ಒಟ್ಟು 500 ಕಿ.ಮೀ. ಮೀರುತ್ತದೆ, ಕಾಯುವ ಹೊತ್ತು ಸೇರಿದರೆ ಹದಿನಾಲ್ಕು ಗಂಟೆಗೂ ಹೆಚ್ಚು. ಆದರೂ ಕೂತು ಬರಲಾಗದ ಹಿರಿಯರಿಗೆ, ಬಸ್ಸಿನ ತಿರುವು ಆಗದವರಿಗೆ ಇದು ಹಿತ. ಮಂಗಳೂರಿನಲ್ಲಿ ಸೆಂಟ್ರಲ್ ಬೇರೆ, ಜಂಕ್ಷನ್ ಬೇರೆ ಎಂಬುದನ್ನು ಮರೆಯಬೇಡಿ: ಗೋವಾ, ಮುಂಬೈ ಕಡೆಯ ರೈಲುಗಳು ಸಾಮಾನ್ಯವಾಗಿ ಜಂಕ್ಷನ್‌ನಲ್ಲಿ ಮಾತ್ರ ನಿಲ್ಲುತ್ತವೆ. ಸಾಮಾನು ಹೊತ್ತು ಆಟೋ ಹುಡುಕುವ ಬದಲು ಎರಡೂ ಟಿಕೆಟ್ಟಿನಲ್ಲಿ ಒಂದೇ ನಿಲ್ದಾಣದ ಹೆಸರಿದೆಯೇ ನೋಡಿ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದ 55 ಕಿ.ಮೀ. ಘಟ್ಟದಲ್ಲಿ 57 ಸುರಂಗಗಳಿವೆ; ಜೋರು ಮಳೆಯಲ್ಲಿ ಹಳಿಯ ಮೇಲೆ ಮಣ್ಣು ಜಾರಿ ರೈಲು ರದ್ದಾಗುವುದು ಹೊಸದಲ್ಲ. ಕಣ್ಣೂರು–ಬೆಂಗಳೂರು ರೈಲಿದೆಯಲ್ಲ ಎಂದು ಹತ್ತುವವರು ಗಮನಿಸಿ, ಅದು ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಹೋಗುತ್ತದೆ, ಮೈಸೂರು ಮುಟ್ಟುವುದಿಲ್ಲ.

ಎರಡನೆಯದು ಪಾಲಕ್ಕಾಡ್, ಸೇಲಂ ಮೇಲೆ ಬರುವ ಕಣ್ಣೂರು–ಯಶವಂತಪುರ ಎಕ್ಸ್‌ಪ್ರೆಸ್. ಸಂಜೆ ಹೊರಟು ಕಲ್ಲಿಕೋಟೆಯ ಮೇಲೆ ಬಂದು ಬೆಳಿಗ್ಗೆ ಬೆಂಗಳೂರು ಸೇರುತ್ತದೆ; ಅಲ್ಲಿಂದ ಮೈಸೂರಿನ ಕಡೆ ಇನ್ನೊಂದು ರೈಲು. ಬೆಂಗಳೂರಿನಲ್ಲಿ ಕೆಲಸ ಇದ್ದವರಿಗೆ ಸರಿ, ಉಳಿದವರಿಗೆ ಸುಮ್ಮನೆ ಸುತ್ತು.

ಕೊಚ್ಚಿ, ಕೋಟ್ಟಯಂ, ತ್ರಿಶ್ಶೂರಿನವರ ಮಾತು ಬೇರೆ. ಈಗ ತಿರುವನಂತಪುರಂ ನಾರ್ತ್ ಎಂದು ಹೆಸರಾಗಿರುವ ಕೊಚ್ಚುವೇಳಿಯಿಂದ ಮೈಸೂರಿಗೆ ನೇರ ಎಕ್ಸ್‌ಪ್ರೆಸ್ ಇದೆ. ಎರ್ನಾಕುಲಂ, ಪಾಲಕ್ಕಾಡ್, ಸೇಲಂ, ಬೆಂಗಳೂರು, ಮಂಡ್ಯ ದಾಟಿ ಮೈಸೂರು ಮುಟ್ಟುತ್ತದೆ. ಅಲ್ಲಿಂದ ಬರುವವರು ಬಸ್ಸು, ಕಾರು ಯಾವುದನ್ನೂ ಯೋಚಿಸದೆ ಇದಕ್ಕೇ ಟಿಕೆಟ್ ಮಾಡಿಸಲಿ. ಬರ್ತ್ ಸಿಗದಿದ್ದರೆ ಮಾತ್ರ ಬೇರೆ ದಾರಿ.

ವಿಮಾನ

ಕಲ್ಲಿಕೋಟೆಯ ಕರಿಪ್ಪೂರ್ ನಿಲ್ದಾಣದಿಂದ ಬೆಂಗಳೂರಿಗೆ ಹಾರಿ, ದೇವನಹಳ್ಳಿಯಿಂದ ಫ್ಲೈಬಸ್ಸಿನಲ್ಲಿ ಮೈಸೂರಿಗೆ ಬರಲು ನಾಲ್ಕು ಗಂಟೆ. ಮೊದಲೇ ಹೋಗಿ ಕೂರುವ ಹೊತ್ತು, ಊರಿನಿಂದ ನಿಲ್ದಾಣಕ್ಕೆ ಹೋಗುವ ಹೊತ್ತು ಸೇರಿಸಿದರೆ ಬಸ್ಸಿಗಿಂತ ಬೇಗವಲ್ಲ, ದುಡ್ಡು ಮಾತ್ರ ಹಲವು ಪಟ್ಟು. ಕೊಲ್ಲಿ ದೇಶಗಳಿಂದ ಬರುವ ನಮ್ಮವರಿಗೆ ಬೇರೆ ಲೆಕ್ಕವಿದೆ. ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣ 2018ರ ಡಿಸೆಂಬರ್‌ನಲ್ಲಿ ಶುರುವಾಯಿತು. ಅಲ್ಲಿಂದ ಮೈಸೂರಿಗೆ ಮಾಕುಟ್ಟದ ಮೇಲೆ ಸುಮಾರು 160 ಕಿ.ಮೀ., ರಾತ್ರಿ ಗೇಟಿನ ಹೆದರಿಕೆ ಇಲ್ಲ. ಸಂಜೆ ಇಳಿಯುವ ವಿಮಾನವಾದರೆ ಕರಿಪ್ಪೂರಿಗಿಂತ ಕಣ್ಣೂರನ್ನೇ ಆರಿಸಿ, ಟಿಕೆಟ್ ಸ್ವಲ್ಪ ದುಬಾರಿಯಾದರೂ ಸರಿ. ಮಳೆಗಾಲದ ರಾತ್ರಿಯಾದರೆ ಮಾತ್ರ ಮಟ್ಟನ್ನೂರಿನಲ್ಲೇ ಉಳಿದು ಬೆಳಗ್ಗೆ ಘಟ್ಟ ಹತ್ತುವುದು ಕ್ಷೇಮ.

ಮಂಡ್ಯದವರಿಗೆ

ಬೆಂಗಳೂರಿಗೆ ಹೋಗುವ ಬಸ್ಸು ಮಂಡ್ಯದ ಮೇಲೆ ಹೋಗಲೇಬೇಕಲ್ಲ ಎಂಬ ನಂಬಿಕೆ ಈಗ ನಡೆಯುವುದಿಲ್ಲ. ಹೊಸ ಹೆದ್ದಾರಿ ಊರಿನ ಹೊರಗೇ ಬೈಪಾಸ್ ಆಗಿರುವುದರಿಂದ ತಡೆರಹಿತ ಬಸ್ಸುಗಳು ಮಂಡ್ಯದೊಳಗೆ ಇಳಿಯುವುದಿಲ್ಲ. ಕೇಳದೆ ಹತ್ತಿದವರು ರಾತ್ರಿ ಹೊತ್ತು ಬೈಪಾಸ್ ಬದಿಯಲ್ಲಿ ನಿಲ್ಲಬೇಕಾಗುತ್ತದೆ. ಮೈಸೂರಿನಲ್ಲಿ ಇಳಿದುಬಿಡುವುದೇ ಮೇಲು. ಹಗಲಾದರೆ ಸಬ್‌ಅರ್ಬನ್‌ನಿಂದ ಮಂಡ್ಯಕ್ಕೆ ಬಸ್ಸಿಗೆ ಬಸ್ಸು ಇದೆ. ಸಾಮಾನು ಇದ್ದವರು ಆಟೋದಲ್ಲಿ ರೈಲು ನಿಲ್ದಾಣಕ್ಕೆ ಹೋಗಿ ಬೆಂಗಳೂರು ಕಡೆಯ ಯಾವುದಾದರೂ ರೈಲು ಹಿಡಿಯಲಿ, 45 ಕಿ.ಮೀ. ದಾರಿ. ಮಂಡ್ಯದಲ್ಲಿ ನಿಲುಗಡೆ ಇಲ್ಲದ ರೈಲುಗಳೂ ಇವೆ, ಪಾಂಡವಪುರ, ಮದ್ದೂರಿಗಂತೂ ನಿಲ್ಲುವವು ಇನ್ನೂ ಕಡಿಮೆ. ಹತ್ತುವ ಮುಂಚೆ ಕೌಂಟರಿನಲ್ಲಿ ಒಂದು ಮಾತು ಕೇಳಿಕೊಳ್ಳಿ.